ಮೊದಲು ಪಕ್ಕದ ಕುದುರೆ

ಡಾಕ್ಟರಮ್ಮನಿಗೆ ಗೋಡೆ ಗಡಿಯಾರದ ಟಿಕ್ ಟಿಕ್ ಚೆನ್ನಾಗಿ ಕೇಳುತ್ತಿತ್ತು. ಗಂಡನ ಮಾತು ಮಾತ್ರ ಕೇಳುತ್ತಿರಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಇದು ಯಾರಿಗೂ ದೊಡ್ಡ ಸಂಗತಿ ಅನ್ನಿಸಲಿಲ್ಲ.

ಗಂಡ ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಆದರೆ ಅಂಗಡಿಯ ಮೇಜು, ಮೇಜಿನ ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಯಾರೂ ವಾಪಸ್ ಬಂದು ಕೇಳದ ಒಂಬತ್ತು ಗಡಿಯಾರಗಳು, ಇಷ್ಟೂ ಮನೆಯ ಮುಂದಿನ ಕೋಣೆಗೆ ಬಂದು ಕೂತಿದ್ದವು. ಜೋರಾಗಿ ಉಸಿರು ಬಿಟ್ಟರೆ ಸ್ಪ್ರಿಂಗು ಹಾರಿಹೋಗುವ ಕೆಲಸ ಅದು. ಹಾಗಾಗಿ ಅವರ ದನಿ ಮೊದಲಿನಿಂದಲೂ ತಗ್ಗು. ಎದೆಯೊಳಗೆ ಹುಟ್ಟಿ, ಮೀಸೆ ದಾಟುವಷ್ಟರಲ್ಲಿ ಮುಗಿದುಹೋಗುವ ದನಿ.

“ಸ್ವಲ್ಪ ಬಾಯಿ ಬಿಟ್ಟು ಮಾತಾಡಿ,” ಎಂದು ಡಾಕ್ಟರಮ್ಮ ಬೆಳಗಿನ ಟೀ ಮುಂದಿಡುತ್ತಾ ಗದರುತ್ತಿದ್ದರು. “ನೀವೇನು ಗಡಿಯಾರಾನಾ, ಬೆನ್ನು ಬಿಚ್ಚಿ ಒಳಗೇನಿದೆ ಅಂತ ನಾನು ನೋಡ್ಕೊಳ್ಳೋಕೆ?”

“ಮದುವೆ ಆದಾಗಲೂ ಹೀಗೇ ಮಾತಾಡ್ತಿದ್ದೆ. ಆಗ ಕೇಳ್ತಿತ್ತು,” ಎಂದು ಅವರು ಮೀಸೆಯೊಳಗೇ ಹೇಳುತ್ತಿದ್ದರು. ಅದೂ ಕೇಳುತ್ತಿರಲಿಲ್ಲ.

ಡಾಕ್ಟರಮ್ಮನಿಗೆ ಅರವತ್ತೆಂಟು. ಅದರಲ್ಲಿ ನಲವತ್ತಮೂರು ವರ್ಷ ಕುದುರೆಗಳ ಹೊಟ್ಟೆ, ಗೊರಸು, ಹಲ್ಲು, ಶ್ವಾಸ ನೋಡುವುದರಲ್ಲೇ ಕಳೆದಿತ್ತು. ಅವರು ಕೆಲಸಕ್ಕೆ ಸೇರಿದಾಗ ಊರಿನ ಬೆಳಗು ಗೊರಸಿನ ಸಪ್ಪಳದಿಂದಲೇ ಶುರುವಾಗುತ್ತಿತ್ತು. ರೈಲ್ವೆ ನಿಲ್ದಾಣದ ಮುಂದೆ ಸಾಲುಗಟ್ಟಿ ನಿಂತ ಬಾಡಿಗೆ ಗಾಡಿಗಳು, ಹಾಲಿನ ಗಾಡಿ, ಸೌದೆ ಗಾಡಿ, ಮಂಜುಗಡ್ಡೆ ಸಾಗಿಸುವ ಗಾಡಿ. ಹಾಸಿಗೆಯಲ್ಲಿ ಮಲಗಿದ್ದಲ್ಲೇ ಅವರು ಸಪ್ಪಳ ಕೇಳಿ, “ಹಾಲಿನವನ ಕುದುರೆ ಎಡಗಾಲು ಎತ್ತಿಡ್ತಿದೆ, ಲಾಳ ಸಡಿಲ ಆಗಿದೆ,” ಎನ್ನುತ್ತಿದ್ದರು. ಗಂಡ ಕಿಟಕಿಯಿಂದ ಇಣುಕಿ, ನಿಜವೆಂದು ಒಪ್ಪಿಕೊಂಡು ಮತ್ತೆ ಮಲಗುತ್ತಿದ್ದರು. ಈಗ ಆ ರಸ್ತೆಯಲ್ಲಿ ಬಸ್ಸುಗಳು ಓಡುತ್ತವೆ. ಇಡೀ ಊರಿಗೆ ಉಳಿದದ್ದು ಒಂದೇ ಲಾಯ. ಊರಾಚೆಯ ಮೈದಾನದ ಪಕ್ಕ, ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಶಾಲೆ. ಅಲ್ಲಿ ಆರು ಕುದುರೆಗಳು. ಆ ಆರಕ್ಕೆ ಡಾಕ್ಟರಮ್ಮ ಇನ್ನೂ ಡಾಕ್ಟರಮ್ಮನೇ.

ಈ ವಿದ್ಯೆ ಅವರಿಗೆ ಕಲಿಸಿದವರು ಕಾಲೇಜಿನ ಮೇಷ್ಟ್ರು, ಬೂಟಿನ ತುಂಬ ಹುಲ್ಲು ಕಡ್ಡಿ ಅಂಟಿಸಿಕೊಂಡೇ ತರಗತಿಗೆ ಬರುತ್ತಿದ್ದವರು. ತರಗತಿಯಲ್ಲಿ ಹನ್ನೆರಡು ಹುಡುಗರು, ಇವರೊಬ್ಬರು ಹುಡುಗಿ, ಎತ್ತರ ಐದಡಿಗೆ ಒಂದಂಗುಲ ಕಡಿಮೆ. ಮೊದಲ ದಿನ ಲಾಯದಲ್ಲಿ ಹಿಂದಿನಿಂದ ಯಾರೋ, “ಸರ್, ಇವರಿಗೆ ಒಂದು ಸ್ಟೂಲ್ ಬೇಕಾಗತ್ತೆ,” ಎಂದ. ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. ಹೋಗಿ ತಾವೇ ಸ್ಟೂಲು ಹೊತ್ತು ತಂದು ಕುದುರೆಯ ಪಕ್ಕ ಇಟ್ಟರು. “ಹತ್ತಮ್ಮ. ಬೇಕಾದ್ದು ಕೇಳೋದಕ್ಕೆ ನಾಚಿಕೆ ಯಾಕೆ? ಇವರೆಲ್ಲ ಬಗ್ಗಬೇಕು, ನೀನು ಹತ್ತಬೇಕು, ಅಷ್ಟೇ ವ್ಯತ್ಯಾಸ.”

ಒಂದು ವಾರ ಪೂರ್ತಿ ಮೇಷ್ಟ್ರು ಯಾರಿಗೂ ಕಾಯಿಲೆಯ ಕುದುರೆ ತೋರಿಸಲಿಲ್ಲ. ಗಟ್ಟಿಮುಟ್ಟಾದ ಕುದುರೆಗಳ ಹೊಟ್ಟೆಗೆ ಸ್ಟೆತೊಸ್ಕೋಪು ಹಚ್ಚಿ ಕೇಳುವುದೊಂದೇ ಕೆಲಸ. ಎಡ ಮೇಲೆ, ಎಡ ಕೆಳಗೆ, ಬಲ ಮೇಲೆ, ಬಲ ಕೆಳಗೆ, ಒಂದೊಂದು ಕಡೆ ಒಂದು ನಿಮಿಷ, ಗಡಿಯಾರ ನೋಡಿಕೊಂಡು. ಕುದುರೆಯ ಬಲಪಕ್ಕೆಯ ಮೇಲ್ಭಾಗದಲ್ಲಿ ಕರುಳಿನ ದೊಡ್ಡದೊಂದು ಚೀಲವಿದೆ. ನಿಮಿಷಕ್ಕೆ ಒಂದೋ ಎರಡೋ ಸಲ ಅದು ತನ್ನೊಳಗಿನದನ್ನು ಮುಂದಕ್ಕೆ ದಬ್ಬುತ್ತದೆ. ಅದರ ಸದ್ದು ಹೀಗೇ ಇರುತ್ತದೆಂದು ಪುಸ್ತಕದಲ್ಲಿ ಓದಿದ್ದರೂ, ಮೊದಲ ಸಲ ಕೇಳಿದಾಗ ಡಾಕ್ಟರಮ್ಮ ಸ್ಟೂಲಿನಿಂದ ಬೀಳುವುದೊಂದು ಬಾಕಿ. ದೂರದಲ್ಲೆಲ್ಲೋ ಗುಡುಗು ಹುಟ್ಟಿ, ಉರುಳುತ್ತಾ ಹತ್ತಿರ ಬಂದು, ಕೊನೆಗೆ ತೊಟ್ಟಿಯ ನೀರು ಒಮ್ಮೆಲೇ ಖಾಲಿಯಾದ ಹಾಗೆ ಸುರ್ರೆಂದು ಇಳಿದುಹೋಯಿತು. ಇಷ್ಟು ದೊಡ್ಡ ಮನೆಯೊಳಗೆ ಯಾರೋ ವಾಸವಿದ್ದಾರೆ ಅನ್ನಿಸಿತು.

ಮೇಷ್ಟ್ರದ್ದು ಒಂದು ಕಟ್ಟಳೆ. ಯಾವ ಲಾಯಕ್ಕೆ ಹೋದರೂ, ಕಾಯಿಲೆಯ ಕುದುರೆಯನ್ನು ಮುಟ್ಟುವ ಮೊದಲು ಪಕ್ಕದಲ್ಲಿರುವ ಗಟ್ಟಿ ಕುದುರೆಯ ಹೊಟ್ಟೆಗೆ ಕಿವಿ ಕೊಡಬೇಕು. ಒಂದೇ ನಿಮಿಷ, ಬಲಪಕ್ಕೆಗೆ. ಡಾಕ್ಟರಮ್ಮ ಇಪ್ಪತ್ತು ವರ್ಷ ಇದನ್ನು ತಪ್ಪದೆ ಪಾಲಿಸಿದರು. ಆಮೇಲೆ ಅದು ತಾನಾಗಿ ಕಳಚಿಕೊಂಡಿತು. ಹೊಟ್ಟೆನೋವಿನಿಂದ ಒದ್ದಾಡುವ ಕುದುರೆ ಈ ಕಡೆ ಇರುವಾಗ ಆರಾಮಾಗಿ ಹುಲ್ಲು ಮೇಯುವುದರ ಹೊಟ್ಟೆಗೆ ಕಿವಿ ಹಚ್ಚಿದರೆ, “ಡಾಕ್ಟರಮ್ಮ, ಹುಷಾರಿಲ್ಲದ್ದು ಇದು, ಅದಲ್ಲ,” ಎನ್ನುವವರೇ ಎಲ್ಲರೂ. ಅನುಭವ ಬಂದಿತ್ತು, ಗಟ್ಟಿ ಹೊಟ್ಟೆಯ ಸದ್ದು ತಲೆಯೊಳಗೇ ಕೂತಿತ್ತು. ಮತ್ತೆ ಮತ್ತೆ ಕೇಳುವುದೇನಿದೆ?

ಚಳಿ ಇದ್ದಕ್ಕಿದ್ದಂತೆ ಏರಿದ ಒಂದು ಬೆಳಿಗ್ಗೆ, ಆರೂವರೆಗೆ ಫೋನು ಬಂತು. ಲಾಯದ ಒಡತಿ ಪುಟ್ಟಿ. ಪುಟ್ಟಿ ಅಂದರೆ ನಲವತ್ತೇಳು ವರ್ಷದ ಹೆಂಗಸು. ಅವಳ ಅಪ್ಪ ಲಾಯ ನಡೆಸುತ್ತಿದ್ದಾಗ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತು ಡಾಕ್ಟರಮ್ಮನ ಕೆಲಸ ನೋಡುತ್ತಿದ್ದವಳು. ಆಗ ಇಟ್ಟ ಹೆಸರು ಹಾಗೇ ಉಳಿದಿತ್ತು.

“ಡಾಕ್ಟರತ್ತೆ, ಟೀಚರ್ ಮಲಗ್ತಾಳೆ, ಏಳ್ತಾಳೆ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡ್ತಾಳೆ. ನಿನ್ನೆ ಸಂಜೆಯಿಂದ ಲದ್ದಿ ಹಾಕಿಲ್ಲ.”

“ನೀರು?”

“ಬಕೆಟ್ಟು ತುಂಬಿದ್ದು ತುಂಬಿದ ಹಾಗೇ ಇದೆ.”

“ಹುಲ್ಲು ತೆಗೆದಿಡು, ನೆಲಕ್ಕೆ ಹಾಸಿರೋದೂ ಸೇರಿಸಿ. ಬಂದೆ.”

ಟೀಚರ್ ಎಂದರೆ ಇಪ್ಪತ್ತೇಳು ವರ್ಷದ ಕಂದು ಬಣ್ಣದ ಹೆಣ್ಣು ಕುದುರೆ. ಊರಿನ ಎರಡು ತಲೆಮಾರಿನ ಮಕ್ಕಳು ಅವಳ ಬೆನ್ನ ಮೇಲೆ ಸವಾರಿ ಕಲಿತಿದ್ದರು. ಬೆನ್ನ ಮೇಲಿನ ಮಗು ಸೊಟ್ಟಗೆ ಕೂತಿದ್ದರೆ ಹೆಜ್ಜೆ ಎತ್ತುತ್ತಿರಲಿಲ್ಲ. ಕತ್ತು ತಿರುಗಿಸಿ ಒಂದು ಸಲ ನೋಡುವಳು. ಮಗು ಸರಿಯಾಗಿ ಕೂತ ಮೇಲೆಯೇ ಪಾಠ ಮುಂದಕ್ಕೆ. ಹೆಸರು ಯಾರು ಇಟ್ಟರೋ, ಈಗ ಯಾರಿಗೂ ನೆನಪಿಲ್ಲ.

ಡಾಕ್ಟರಮ್ಮ ಲಾಯ ತಲುಪಿದಾಗ ಟೀಚರ್ ತನ್ನ ಖಾನೆಯ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಹಣೆಯ ಮೇಲೆ, ಕಿವಿಯ ಬುಡದಲ್ಲಿ ಬೆವರು. ಮುಂಗಾಲಿನಿಂದ ನೆಲ ಕೆರೆದು ಕೆರೆದು ಗುಂಡಿ ಮಾಡಿದ್ದಳು. ಲಾಯದಲ್ಲಿ ಮೂವತ್ತು ವರ್ಷದಿಂದ ಹುಲ್ಲು ಹಾಕುವ, ಅದೇ ಕಾರಣಕ್ಕೆ ಹುಲ್ಲಣ್ಣ ಎಂದೇ ಹೆಸರಾದ ಮನುಷ್ಯ ಅವಳ ಕೊರಳ ಹಗ್ಗ ಹಿಡಿದು ನಿಂತಿದ್ದ.

ಡಾಕ್ಟರಮ್ಮ ಚೀಲದಿಂದ ನೋಟ್‌ಬುಕ್ ತೆಗೆದು, ಬಾಗಿಲ ಚೌಕಟ್ಟಿನ ಮೊಳೆಗೆ ದಾರ ಕಟ್ಟಿದ ಪೆನ್ಸಿಲು ನೇತುಹಾಕಿದರು. ದವಡೆಯ ಅಡಿಯ ನಾಡಿಗೆ ಎರಡು ಬೆರಳಿಟ್ಟು ಎಣಿಸಿದರು: ಐವತ್ತೆರಡು. ಟೀಚರಿಗೆ ಮಾಮೂಲಿ ಮೂವತ್ತಾರು. ಒಸಡು ಒತ್ತಿ ಬಿಟ್ಟರು. ಬಿಳಿಚಿದ ಜಾಗಕ್ಕೆ ಕೆಂಪು ಮರಳಲು ಎರಡು ಸೆಕೆಂಡು ಸಾಕು, ಮೂರು ಹಿಡಿಯಿತು. ಮೈಯಲ್ಲಿ ನೀರು ಕಡಿಮೆಯಾಗಿದೆ. ಜ್ವರ ಇಲ್ಲ. ಮೂಗಿನಿಂದ ಹೊಟ್ಟೆಗೆ ರಬ್ಬರ್ ಕೊಳವೆ ಇಳಿಸಿದರು; ಹಿಂದಕ್ಕೆ ಏನೂ ಬರಲಿಲ್ಲ, ಅದು ಒಳ್ಳೆಯದು. ಉದ್ದನೆಯ ಕೈಗವಸು ಹಾಕಿ ಹಿಂಬದಿಯಿಂದ ಕೈ ತೂರಿಸಿ ನೋಡಿದರು; ಎಡ ಕೆಳಗೆ ನಾದಿದ ಹಿಟ್ಟಿನಂಥ ಗಟ್ಟಿ ಮುದ್ದೆ ಬೆರಳ ತುದಿಗೆ ಸಿಕ್ಕಿತು. ಅಲ್ಲಿಂದಾಚೆಗೆ ಅವರ ಗಿಡ್ಡ ತೋಳು ಹೋಗುತ್ತಿರಲಿಲ್ಲ.

“ಎರಡರಲ್ಲಿ ಒಂದು,” ಎಂದು ಪುಟ್ಟಿಗೆ ಹೇಳಿದರು. “ಹಲ್ಲು ಸವೆದಿದೆ, ಚಳಿಗೆ ನೀರು ಕುಡಿದಿಲ್ಲ, ಒಣಹುಲ್ಲು ಅರೆಯದೆ ನುಂಗಿದಾಳೆ. ಬರೀ ಲದ್ದಿ ಕಟ್ಕೊಂಡಿದ್ರೆ ಕರಗಿಸಬಹುದು. ಕರುಳೇ ತಿರುಚ್ಕೊಂಡಿದ್ರೆ ಕಷ್ಟ.”

“ಆಪರೇಷನ್?”

“ಒಂದು ದಿನದ ದಾರಿ. ಈ ವಯಸ್ಸಿಗೆ ಲಾರಿ ಹತ್ತಿಸೋದೇ ಹಿಂಸೆ. ತಿರುಚಿದ್ರೆ, ಪುಟ್ಟಿ, ನರಳಿಸೋದು ಬೇಡ.”

ಹುಲ್ಲಣ್ಣ, “ಇವಳು ಯಾವತ್ತೂ ರಜೆ ಹಾಕ್ದೋಳಲ್ಲ, ಡಾಕ್ಟರಮ್ಮ. ಸುಮ್ಮನೆ ನಾಟಕ ಇರಬೋದು,” ಎಂದ. ಹೇಳುತ್ತಾ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

ಇನ್ನು ಉಳಿದದ್ದು ಕಿವಿ. ಕರುಳು ಕಟ್ಟಿಕೊಂಡಿದ್ದರೆ ಸದ್ದು ಕ್ಷೀಣವಾಗಿಯಾದರೂ ಇರುತ್ತದೆ. ತಿರುಚಿಕೊಂಡಿದ್ದರೆ ಹೊಟ್ಟೆ ಬೀಗ ಹಾಕಿದ ಮನೆ. ಡಾಕ್ಟರಮ್ಮ ಸ್ಟೆತೊಸ್ಕೋಪು ಹಚ್ಚಿ ನಾಲ್ಕು ಕಡೆಯೂ ಒಂದೊಂದು ನಿಮಿಷ ಕೇಳಿದರು. ನೋಟ್‌ಬುಕ್ಕಿನಲ್ಲಿ ನಾಲ್ಕು ಸೊನ್ನೆ ಬರೆದರು. ನೋವಿಗೆ ಇಂಜೆಕ್ಷನ್ ಕೊಟ್ಟು, ಎರಡೂವರೆ ಗಂಟೆ ಕಾದರು. ಟೀಚರ್ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ಆಮೇಲೆ ಮತ್ತೆ ನೆಲ ಕೆರೆಯಲು ಶುರುಮಾಡಿದಳು. ಮತ್ತೆ ಕೇಳಿದರು. ಮತ್ತೆ ನಾಲ್ಕು ಸೊನ್ನೆ.

ಎಂಟು ಸೊನ್ನೆಗಳನ್ನು ಒಂದರ ಕೆಳಗೊಂದು ನೋಡುತ್ತಾ ಅವರು ಸ್ಟೆತೊಸ್ಕೋಪನ್ನು ಕಿವಿಯಿಂದ ತೆಗೆದರು.

“ಪುಟ್ಟಿ, ಒಳಗೆ ಏನೂ ಓಡ್ತಿಲ್ಲ ಕಣಮ್ಮ.”

ಪುಟ್ಟಿ ಗೋಡೆಗೆ ಒರಗಿದಳು. “ಕತ್ತರಿ ಕೊಡು, ಹುಲ್ಲಣ್ಣ,” ಎಂದಳು.

ಆ ಲಾಯದಲ್ಲಿ ಅವಳ ಅಪ್ಪನ ಕಾಲದಿಂದ ಒಂದು ರೂಢಿಯಿತ್ತು. ಕುದುರೆಯನ್ನು ಕೊನೆಯದಾಗಿ ಕಳಿಸಿಕೊಡುವ ಮುನ್ನ ಬಾಲದಿಂದ ಒಂದು ಎಳೆ ಕತ್ತರಿಸಿ, ದಾರದಲ್ಲಿ ಬಿಗಿದು, ಲಾಯದ ನಡುವಿನ ತೊಲೆಗೆ ಕಟ್ಟುವುದು. ತೊಲೆಯ ಮೇಲೆ ಆಗಲೇ ಹದಿನೇಳು ಎಳೆಗಳು ತೂಗುತ್ತಿದ್ದವು, ಕಪ್ಪು, ಬೂದು, ಕೆಂಗಂದು. ಪ್ರತಿಯೊಂದೂ ಡಾಕ್ಟರಮ್ಮನಿಗೆ ಪರಿಚಯ. ಪುಟ್ಟಿ ಟೀಚರಿನ ಬಾಲದಿಂದ ಬೆರಳು ದಪ್ಪದ ಒಂದು ಎಳೆ ಕತ್ತರಿಸಿ ಕೈಗೆ ಸುತ್ತಿಕೊಂಡಳು. ಟೀಚರ್ ಕತ್ತು ತಿರುಗಿಸಿ ಅವಳನ್ನು ಒಮ್ಮೆ ನೋಡಿದಳು, ಸೊಟ್ಟಗೆ ಕೂತ ಮಗುವನ್ನು ನೋಡುವ ಹಾಗೆ.

ಡಾಕ್ಟರಮ್ಮ ಕೊನೆಯ ಇಂಜೆಕ್ಷನ್ ತರಲು ಕಾರಿನ ಕಡೆ ಹೋದರು. ಆ ಔಷಧಿ ಸೀಸೆಗೆ ಬೇರೆಯದೇ ಡಬ್ಬಿ, ಡಬ್ಬಿಗೆ ಬೀಗ. ಬೀಗ ತೆಗೆದು, ಸೀಸೆ ಮತ್ತು ದೊಡ್ಡ ಸಿರಿಂಜನ್ನು ಕೋಟಿನ ಜೇಬಿಗೆ ಹಾಕಿಕೊಂಡು ವಾಪಸ್ ಬರುವಾಗ, ಟೀಚರಿನ ಪಕ್ಕದ ಖಾನೆಯಿಂದ ಒಂದು ಮೂತಿ ಚಾಚಿ ಅವರ ಕೊರಳಲ್ಲಿ ನೇತಾಡುತ್ತಿದ್ದ ಸ್ಟೆತೊಸ್ಕೋಪನ್ನು ಕಚ್ಚಿ ಹಿಡಿಯಿತು.

ಅದು ಉಂಡಾಡಿ. ದಪ್ಪ ಹೊಟ್ಟೆಯ ಬಿಳಿ ಗಂಡು ಕುದುರೆ. ಹುಲ್ಲು, ಹಗ್ಗ, ಟೋಪಿ, ಒಮ್ಮೆ ಹುಲ್ಲಣ್ಣನ ಕನ್ನಡಕ, ಅದಕ್ಕೆ ತಿನ್ನಬಾರದ್ದು ಎನ್ನುವುದೇ ಇರಲಿಲ್ಲ. ಅದರ ಹೊಟ್ಟೆಯ ಗುಡುಗುಡು ರಸ್ತೆಗೇ ಕೇಳುತ್ತದೆ ಎಂದು ಲಾಯದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು.

“ಬಿಡೋ, ಹೊಟ್ಟೆಬಾಕ,” ಎಂದು ಡಾಕ್ಟರಮ್ಮ ಕೊಳವೆ ಎಳೆದುಕೊಂಡರು. ಎಳೆದುಕೊಂಡು ಮುಂದೆ ಹೋಗಬೇಕಾದವರು ಅಲ್ಲೇ ನಿಂತರು.

ಮೇಷ್ಟ್ರು ನೆನಪಾದರು. ಅಂದರೆ ಅವರ ಮುಖವಲ್ಲ, ಬೂಟಿಗೆ ಅಂಟಿದ ಹುಲ್ಲು ಕಡ್ಡಿ. ಕೋಟಿನ ಜೇಬಿನಲ್ಲಿ ಸೀಸೆ ಇರುವಾಗ ಒಂದು ನಿಮಿಷದ ಕಟ್ಟಳೆ ಮುರಿಯುವುದು ಯಾಕೋ ಅವರ ಮನಸ್ಸಿಗೆ ಸರಿ ಬರಲಿಲ್ಲ. ಟೀಚರಿಗೆ ಇಷ್ಟಾದರೂ ಮರ್ಯಾದೆ ಸಲ್ಲಬೇಕು ಅನ್ನಿಸಿತು. ಉಂಡಾಡಿಯ ಖಾನೆಯ ಅಗುಳಿ ತೆಗೆದು ಒಳಗೆ ಹೋಗಿ, ಬಲಪಕ್ಕೆಗೆ ಸ್ಟೆತೊಸ್ಕೋಪು ಹಚ್ಚಿ ಕೈಗಡಿಯಾರ ನೋಡಿದರು.

ಹದಿನೈದು ಸೆಕೆಂಡು. ಮೂವತ್ತು. ಉಂಡಾಡಿ ಹುಲ್ಲು ಜಗಿಯುತ್ತಿತ್ತು. ಕೈಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಒಂದು ನಿಮಿಷವಾಯಿತು. ಎರಡಾಯಿತು.

ಏನೂ ಇಲ್ಲ.

ಸ್ಟೆತೊಸ್ಕೋಪಿನ ಬಿಲ್ಲೆಯನ್ನು ಉಗುರಿನಿಂದ ಕೆರೆದು ನೋಡಿದರು, ಚರಚರ ಕೇಳಿಸಿತು. ಕೊಳವೆ ಊದಿ ನೋಡಿದರು, ಕಟ್ಟಿರಲಿಲ್ಲ. ಆಚೆ ಖಾನೆಯ ಮರಿ ಕುದುರೆಯ ಹೊಟ್ಟೆಗೆ ಹಚ್ಚಿದರು, ಅಲ್ಲೂ ಮೌನ. ಮೂರು ಕುದುರೆಗಳ ಕರುಳು ಒಂದೇ ಬೆಳಿಗ್ಗೆ ತಿರುಚಿಕೊಳ್ಳುವುದಿಲ್ಲ. ಮೇಷ್ಟ್ರು ತಮ್ಮ ಕಟ್ಟಳೆಗೆ ಕಾರಣ ಹೇಳಿದ್ದು ಒಂದೇ ಸಲ, ಕಾಲೇಜಿನ ಕೊನೆಯ ದಿನ. ಅದು ಈಗ ಪದಪದವಾಗಿ ಬಂತು: “ಪಕ್ಕದ ಕುದುರೆಗೆ ಕಿವಿ ಕೊಡೋದು ಕುದುರೆಯ ಪರೀಕ್ಷೆ ಅಲ್ಲಮ್ಮ. ನಿನ್ನ ಪರೀಕ್ಷೆ.”

ಡಾಕ್ಟರಮ್ಮ ಉಂಡಾಡಿಯ ಪಕ್ಕೆಗೆ ಹಣೆ ಆನಿಸಿ ನಿಂತರು. ಗಂಡನ ಮೀಸೆಯೊಳಗಿನ ಮಾತು, ಈಚಿನ ಮಳೆಗಾಲಗಳಲ್ಲಿ ದೂರ ಹೋಗಿಬಿಟ್ಟಿದ್ದ ಗುಡುಗು, ಮನೆ ಮುಂದೆ ಸದ್ದಿಲ್ಲದೆ ಬಂದು ನಿಲ್ಲುವ ಬಸ್ಸು, ಎಲ್ಲವೂ ಒಂದು ಸಾಲಿನಲ್ಲಿ ಬಂದು ನಿಂತವು. ಆಮೇಲೆ ಜೇಬಿನ ಸೀಸೆಯನ್ನು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೇ ಟೀಚರಿನ ಖಾನೆಗೆ ಬಂದರು.

“ಪುಟ್ಟಿ, ಇಲ್ಲಿ ಬಾ. ಇದನ್ನ ಕಿವಿಗೆ ಹಾಕ್ಕೋ.”

“ನಾನಾ? ಯಾಕತ್ತೆ?”

“ಕೆಟ್ಟಿರೋದು ಅವಳ ಕರುಳೋ ನನ್ನ ಕಿವಿಯೋ, ನೋಡಬೇಕು.”

ಪುಟ್ಟಿಗೆ ಅರ್ಥವಾಗಲಿಲ್ಲ. ಮೊದಲು ಉಂಡಾಡಿಯ ಹೊಟ್ಟೆಗೆ ಹಚ್ಚಿಸಿದರು. ಅರ್ಧ ನಿಮಿಷದಲ್ಲಿ ಪುಟ್ಟಿ ಬೆಚ್ಚಿ ಹಿಂದೆ ಸರಿದಳು. “ಅಯ್ಯೋ, ಇದೇನು, ಮಹಡಿ ಮೇಲೆ ಯಾರೋ ಬೀರು ಎಳೆದ ಹಾಗಿದೆ.”

“ಹೌದಲ್ಲ. ಅದು ಗಟ್ಟಿ ಹೊಟ್ಟೆ. ಚೆನ್ನಾಗಿ ನೆನಪಿಟ್ಕೋ. ಈಗ ಟೀಚರದ್ದು ಕೇಳು. ಅವಸರ ಮಾಡಬೇಡ.”

ಎಡ ಮೇಲೆ: ಇಲ್ಲ. ಎಡ ಕೆಳಗೆ: ಇಲ್ಲ. ಬಲ ಮೇಲೆ, ಡಾಕ್ಟರಮ್ಮನ ಬೆರಳು ತೋರಿಸಿದ ಜಾಗದಲ್ಲಿ, ಪುಟ್ಟಿ ಕಣ್ಣು ಮುಚ್ಚಿಕೊಂಡು ನಿಂತಳು. ಡಾಕ್ಟರಮ್ಮ ಪುಟ್ಟಿಯ ಮುಖವನ್ನೇ ನೋಡುತ್ತಿದ್ದರು. ನಲವತ್ತಮೂರು ವರ್ಷ ಕುದುರೆಯ ಮಾಲೀಕರು ತಮ್ಮ ಮುಖವನ್ನು ಹೀಗೆಯೇ ನೋಡುತ್ತಿದ್ದಿರಬೇಕು.

“ಏನೋ ಇದೆ,” ಎಂದಳು ಪುಟ್ಟಿ. “ಬೀರು ಅಲ್ಲ. ಸಣ್ಣದು. ಕುರ್ಚಿ ಸರಿಸಿದ ಹಾಗೆ. ಸುಮ್ಮನಾಯ್ತು. ಇರಿ... ಮತ್ತೆ.”

“ಎಷ್ಟು ಸಲ?”

“ಎರಡು. ಬಲ ಕೆಳಗೂ ಒಂದು.”

ಡಾಕ್ಟರಮ್ಮ ನೋಟ್‌ಬುಕ್ಕಿನ ಎಂಟೂ ಸೊನ್ನೆಗಳ ಮೇಲೆ ಅಡ್ಡಗೆರೆ ಎಳೆದರು. ನಾಡಿ ಮತ್ತೊಮ್ಮೆ ಎಣಿಸಿದರು: ಐವತ್ತು. ಬೆಳಗ್ಗೆಯಿಂದ ಏರಿಲ್ಲ. ಕರುಳು ತಿರುಚಿದ್ದರೆ ಇಷ್ಟು ಹೊತ್ತಿಗೆ ಎಂಬತ್ತು ದಾಟಬೇಕಿತ್ತು. ಎಂಟು ಸೊನ್ನೆಗಳ ಭಾರಕ್ಕೆ ಇದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

“ತಿರುಚಿಲ್ಲ. ಕಟ್ಕೊಂಡಿದೆ. ಹುಲ್ಲಣ್ಣ, ನೀರು ಕಾಯಿಸು, ಕೈಗೆ ಬೆಚ್ಚಗೆ ತಾಗೋಷ್ಟು ಸಾಕು. ಎರಡು ಬಕೆಟ್ಟು.”

ಪುಟ್ಟಿ ಸ್ಟೆತೊಸ್ಕೋಪು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು. ಅವಳ ಇನ್ನೊಂದು ಕೈಗೆ ಬಾಲದ ಎಳೆ ಸುತ್ತಿಯೇ ಇತ್ತು. “ಡಾಕ್ಟರತ್ತೆ,” ಎಂದಳು ನಿಧಾನವಾಗಿ, “ನೀವು ಇಂಜೆಕ್ಷನ್ ತರೋಕೆ ಹೋಗಿದ್ರಿ.”

“ಹೋಗಿದ್ದೆ.”

“ಉಂಡಾಡಿ ಕಚ್ಚದೇ ಇದ್ದಿದ್ರೆ?”

ಡಾಕ್ಟರಮ್ಮ ಸೀಸೆಯನ್ನು ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟು, “ಇದನ್ನ ನೀನೇ ಡಬ್ಬಿಗೆ ಹಾಕಿ ಬೀಗ ಹಾಕು. ಕೀಲಿ ಇವತ್ತು ನಿನ್ನ ಹತ್ರಾನೇ ಇರಲಿ,” ಎಂದರು. ಪುಟ್ಟಿ ಕೋಪ ಮಾಡಿಕೊಳ್ಳಬೇಕೆಂದು ಬಾಯಿ ತೆರೆದಳು. ಅವರ ಮುಖ ನೋಡಿ ಕಾರಿನ ಕಡೆ ಹೋದಳು.

ಮೂಗಿನ ಕೊಳವೆಯಿಂದ ಕರುಳಿಗೆ ಜಾರಿಕೆ ಕೊಡುವ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ನಾಲ್ಕು ಲೀಟರ್ ಇಳಿಯಿತು. ಅರ್ಧ ಗಂಟೆ ಬಿಟ್ಟು, ಭೇದಿಗೆ ಕೊಡುವ ಎಪ್ಸಮ್ ಉಪ್ಪು ಕರಗಿಸಿದ ಬೆಚ್ಚಗಿನ ನೀರು. ಆಮೇಲೆ ಮೈದಾನದಲ್ಲಿ ಹತ್ತು ನಿಮಿಷ ನಡೆಸುವುದು, ಅರ್ಧ ಗಂಟೆ ನಿಲ್ಲಿಸುವುದು. ಮಧ್ಯಾಹ್ನ ಮತ್ತೆ ನೀರು, ಸಂಜೆ ಮತ್ತೆ. ಎರಡು ಗಂಟೆಗೊಮ್ಮೆ ಪುಟ್ಟಿ ಕೇಳಿ ಹೇಳುವಳು, ಡಾಕ್ಟರಮ್ಮ ಬರೆದುಕೊಳ್ಳುವರು. ಸದ್ದಿನ ಜೋರಿಗೆ ತಕ್ಕಂತೆ ಡಾಕ್ಟರರು ಹಾಕುವ ಒಂದು ಅಧಿಕ, ಎರಡು ಅಧಿಕ ಎಂಬ ಗುರುತು ಪುಟ್ಟಿಗೆ ಬರುತ್ತಿರಲಿಲ್ಲ. ಹೀಗಾಗಿ ಆ ದಿನದ ಪುಟದಲ್ಲಿ, ನಲವತ್ತಮೂರು ವರ್ಷದ ಕಟ್ಟುನಿಟ್ಟಾದ ನೋಟ್‌ಬುಕ್ಕುಗಳಲ್ಲಿ ಎಲ್ಲೂ ಇಲ್ಲದ ಬರಹ ಸೇರಿಕೊಂಡಿತು: ಹನ್ನೆರಡು ಗಂಟೆ, ಕುರ್ಚಿ. ಎರಡು ಗಂಟೆ, ಕುರ್ಚಿ ಮತ್ತು ಸ್ಟೂಲು. ನಾಲ್ಕು ಗಂಟೆ, ಮೇಜು, ಆದರೆ ಸಣ್ಣ ಮೇಜು.

“ಬೀರು ಯಾವಾಗ ಬರತ್ತೆ?” ಎಂದು ಹುಲ್ಲಣ್ಣ ಗಳಿಗೆಗೊಮ್ಮೆ ವಿಚಾರಿಸುತ್ತಿದ್ದ.

ಸಂಜೆ ನಾಡಿ ನಲವತ್ತನಾಲ್ಕಕ್ಕೆ ಇಳಿದಿತ್ತು. ನೆಲ ಕೆರೆಯುವುದು ನಿಂತಿತ್ತು. ಲದ್ದಿ ಮಾತ್ರ ಬಿದ್ದಿರಲಿಲ್ಲ. ಪುಟ್ಟಿಗೆ ಏನೇನು ಗಮನಿಸಬೇಕೆಂದು ಬರೆದುಕೊಟ್ಟು ಡಾಕ್ಟರಮ್ಮ ಮನೆಗೆ ಬಂದರು. ಗಂಡ ಗಡಿಯಾರವೊಂದರ ಒಡಲು ಬಿಚ್ಚಿ ಕೂತಿದ್ದರು. ಡಾಕ್ಟರಮ್ಮ ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಕೊನೆಗೆ, “ನಿಮ್ಮ ದನಿ ಏನೂ ಸಣ್ಣದಾಗಿಲ್ಲ ಅಂತ ಕಾಣತ್ತೆ,” ಎಂದರು.

ಅವರು ಭೂತಗನ್ನಡಿ ತೆಗೆದಿಟ್ಟು ಏನೋ ಅಂದರು.

“ಏನಂದ್ರಿ?”

ಅವರು ಎದ್ದು ಬಂದು, ಬಗ್ಗಿ, ಮೀಸೆಯನ್ನು ಹೆಂಡತಿಯ ಕಿವಿಗೆ ತಾಗಿಸಿ ಹೇಳಿದರು: “ಮೂರು ವರ್ಷದಿಂದ ಹೇಳ್ತಿದೀನಿ ಅಂದೆ.”

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನಿನ ಗಂಟೆ ಕಿರುಚಿತು. ಅದು ಕೇಳಿಸಿತು. ಎತ್ತಿದರೆ ಆ ಕಡೆ ಹುಲ್ಲಣ್ಣನ ಗೊಗ್ಗರು ದನಿ, ಎದುರಿಗಿದ್ದರೆ ತುಟಿ ನೋಡಿ ತಿಳಿಯುತ್ತಿತ್ತು. ಡಾಕ್ಟರಮ್ಮನಿಗೆ ಬರೀ ಗಾಳಿ ಬೀಸಿದ ಹಾಗಾಯಿತು. ಮೊದಲಾಗಿದ್ದರೆ “ಲೈನು ಸರಿ ಇಲ್ಲ” ಎಂದು ಇಟ್ಟುಬಿಡುತ್ತಿದ್ದರು. ಈಗ ಗಂಡನ ಕೈಗೆ ಕೊಟ್ಟರು. “ನೀವೇ ಕೇಳಿ.”

ಅವರು ತಲೆಯಾಡಿಸುತ್ತಾ ಕೇಳಿದರು. ಕೇಳುತ್ತಾ ಕೇಳುತ್ತಾ ಮೇಜಿನ ಮೇಲಿನ ಹಲ್ಲುಚಕ್ರ, ಸ್ಪ್ರಿಂಗುಗಳನ್ನು ಒಂದು ಪಕ್ಕಕ್ಕೆ ಸರಿಸಿ, ಖಾಲಿಯಾದ ಜಾಗದಲ್ಲಿ ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಗುಡ್ಡೆಯ ಆಕಾರ ಮಾಡಿ ತೋರಿಸಿದರು. ಡಾಕ್ಟರಮ್ಮ ಕಣ್ಣಿನಲ್ಲೇ, ಇಷ್ಟೇನಾ ಎಂದರು. ಅವರು ಮತ್ತೊಂದು ಸಲ ವಿಚಾರಿಸಿ, ಕೈಗಳನ್ನು ಇನ್ನೂ ಅಗಲಿಸಿ ಗುಡ್ಡೆಯನ್ನು ದೊಡ್ಡದು ಮಾಡಿದರು. ಪಕ್ಕದಲ್ಲಿ ಚಿಕ್ಕದೊಂದು ಗುಡ್ಡೆ ಇಟ್ಟರು. ಬಾಳೆಲ್ಲ ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದ ಆ ಬೆರಳುಗಳು ಕುದುರೆಯ ಲದ್ದಿಯನ್ನು ಅಷ್ಟೇ ಕರಾರುವಾಕ್ಕಾಗಿ ಅಳೆದು ತೋರಿಸುತ್ತಿದ್ದವು. ಡಾಕ್ಟರಮ್ಮ ನಕ್ಕರು, ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯೊಳಗಿನ ಪುಟ್ಟ ಮೂಳೆ ಬಿಗಿದುಕೊಂಡಿದೆ, ತಗ್ಗಿನ ಸದ್ದುಗಳು ಮೊದಲು ಹೋಗಿವೆ, ಉಳಿದವು ನಿಧಾನಕ್ಕೆ ಹೋಗಬಹುದು ಎಂದರು. ಕಿವಿಗೆ ಯಂತ್ರ ಹಾಕಿಕೊಟ್ಟರು. ಅದರಿಂದ ಗಂಡನ ಮಾತು ಕೇಳುವಂತಾಯಿತು. ಆದರೆ ಯಂತ್ರ ಇಟ್ಟುಕೊಂಡು ಸ್ಟೆತೊಸ್ಕೋಪು ಹಾಕುವಂತಿಲ್ಲ, ತೆಗೆದರೆ ಕೇಳುವಂತಿಲ್ಲ.

ಆ ವಾರ ಡಾಕ್ಟರಮ್ಮ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಕೆಳಗಿಳಿಸಿದರು. ಹಿಂದಿನ ಮೂರು ವರ್ಷಗಳಲ್ಲಿ ಸೊನ್ನೆ ಬರೆದ ಪುಟಗಳು ಏಳು ಸಿಕ್ಕವು. ನಾಲ್ಕು ಕುದುರೆಗಳು ಬದುಕಿದ್ದವು. ಎರಡರಲ್ಲಿ ನಾಡಿ ನೂರರ ಮೇಲೆ, ಒಸಡು ನೇರಳೆ. ಕಿವಿ ಇದ್ದರೂ ಇಲ್ಲದಿದ್ದರೂ ತೀರ್ಪು ಅದೇ. ಏಳನೆಯದು, ಪಕ್ಕದ ಹಳ್ಳಿಯ ಗಾಡಿಯವನ ಕುದುರೆ. ನಾಡಿ ಅರವತ್ತನಾಲ್ಕು, ಆದರೂ ಕೊನೆಯ ಇಂಜೆಕ್ಷನ್. ಆ ಪುಟದ ಮುಂದೆ ಅವರು ಬಹಳ ಹೊತ್ತು ಕೂತರು. ಕೊನೆಗೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದರ ಕೆಳಗೆ ಅಂದಿನ ತಾರೀಖು ಬರೆದರು. ಒರೆಸಲಿಲ್ಲ.

ಮುಂದಿನ ಭಾನುವಾರದಿಂದ ವಾರಕ್ಕೊಮ್ಮೆ ಲಾಯಕ್ಕೆ ಹೋಗುವುದು ಶುರುವಾಯಿತು. ಸ್ಟೆತೊಸ್ಕೋಪು ಪುಟ್ಟಿಯ ಕೊರಳಿಗೆ, ನೋಟ್‌ಬುಕ್ಕು ಡಾಕ್ಟರಮ್ಮನ ಕೈಗೆ. ಕಟ್ಟಳೆಯ ಪ್ರಕಾರ ಮೊದಲು ಉಂಡಾಡಿ. ಅದೂ ಈಗ ತನ್ನ ಸರದಿ ಗೊತ್ತಾದ ಹಾಗೆ ಬಲಪಕ್ಕೆ ಒಡ್ಡಿ ನಿಲ್ಲುತ್ತಿತ್ತು.

ಮೊದಲ ಭಾನುವಾರ ಪುಟ್ಟಿ ಜೇಬಿನಿಂದ ಬಾಲದ ಎಳೆ ತೆಗೆದು ತೋರಿಸಿದಳು. “ಇದನ್ನೇನು ಮಾಡೋದು ಅತ್ತೆ? ಬದುಕಿರೋಳದ್ದನ್ನ ತೊಲೆಗೆ ಕಟ್ಟೋ ಹಾಗಿಲ್ಲ. ಬಿಸಾಕೋಕೂ ಮನಸ್ಸಿಲ್ಲ.”

“ಇಲ್ಲಿ ಕೊಡು,” ಎಂದು ಡಾಕ್ಟರಮ್ಮ ಅದನ್ನು ನೋಟ್‌ಬುಕ್ಕಿನ ಕುರ್ಚಿ ಮೇಜುಗಳ ಪುಟದಲ್ಲಿ ಇಟ್ಟುಕೊಂಡರು.

“ಬಾಲ ಒಂದು ಕಡೆ ಮೋಟಾಗಿದೆ,” ಎಂದ ಹುಲ್ಲಣ್ಣ. “ಟೀಚರಮ್ಮನಿಗೆ ಆಚೆ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ಮಕ್ಕಳು ನಗ್ತಾರೆ.”

“ನಗ್ಲಿ ಬಿಡು. ಬೆಳೆಯತ್ತೆ.”

ಪುಟ್ಟಿ ಟೀಚರಿನ ಬಲಪಕ್ಕೆಗೆ ಬಿಲ್ಲೆ ಹಚ್ಚಿದಳು. ಡಾಕ್ಟರಮ್ಮ ಕೈಗಡಿಯಾರ ನೋಡಿದರು. ಮೈದಾನದ ಬಿಸಿಲು ಖಾನೆಯ ಬಾಗಿಲವರೆಗೆ ಬಂದಿತ್ತು. ಬೋರಲು ಹಾಕಿದ ಬಕೆಟ್ಟೊಂದು ಗೋಡೆಯ ಪಕ್ಕ ಇತ್ತು. ಡಾಕ್ಟರಮ್ಮ ಅದರ ಮೇಲೆ ಕೂತರು. ಅಲ್ಲಿ ಕೂತರೆ ಪುಟ್ಟಿ ಎತ್ತರವಾಗಿ ಕಾಣುತ್ತಿದ್ದಳು.

“ಬಂತು,” ಎಂದಳು ಪುಟ್ಟಿ.

“ಹೇಗಿದೆ? ಸರಿಯಾಗಿ ಹೇಳು.”

“ದೂರದಲ್ಲಿ ಶುರುವಾಗತ್ತೆ ಅತ್ತೆ. ಉರುಳ್ಕೊಂಡು ಹತ್ರ ಬರತ್ತೆ. ಬಂದು... ಬಂದು... ಕೊನೇಲಿ ತೊಟ್ಟಿ ನೀರು ಇಳಿದ ಹಾಗೆ ಸುರ್ ಅನ್ನತ್ತೆ.”

ಈ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಡಾಕ್ಟರಮ್ಮ ಪೆನ್ಸಿಲು ಹಿಡಿದ ಕೈಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡರು. ಕಾಲ ಕೆಳಗೆ ಮತ್ತೆ ಕಾಲೇಜಿನ ಸ್ಟೂಲು ಅಲುಗಾಡಿತು, ಹನ್ನೆರಡು ಹುಡುಗರು ಹಿಂದೆ ನಿಂತಿದ್ದರು, ಮೇಷ್ಟ್ರ ಬೂಟಿನಲ್ಲಿ ಹುಲ್ಲು ಕಡ್ಡಿ ಇತ್ತು.

“ಇನ್ನೊಂದು ಸಲ ಬಂದರೆ ಹೇಳು,” ಎಂದರು ಅವರು. “ನಿಮಿಷ ಇನ್ನೂ ಆಗಿಲ್ಲ.”